ಮಾಥೇರಾನ್‌ನ ಶಾರ್ಲಟ್ ಕೆರೆ: ಅರ್ಧ ದಿನ ಇಟ್ಟುಕೊಂಡೇ ಹೋಗಿ

ಮುಂಬೈ ಹತ್ತಿರದ ಡೊಂಬಿವಲಿಯಿಂದ ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಬರುವಂಥ ಜಾಗ ಯಾವುದೆಂದು ಕೇಳಿದವರಿಗೆಲ್ಲ ನಾನು ಮಾಥೇರಾನ್ ಗಿರಿಧಾಮದ ಈ ಕೆರೆಯನ್ನೇ ಹೇಳುತ್ತೇನೆ. ಎಕೋ ಪಾಯಿಂಟಿನಲ್ಲಿ ಕೂಗಿ, ಫೋಟೊ ತೆಗೆದು, ಕೆರೆಗೆ ಐದು ನಿಮಿಷ ಕೊಟ್ಟು ಹೊರಡುವವರೇ ಹೆಚ್ಚು. ನನ್ನ ಮಟ್ಟಿಗೆ ಮಾಥೇರಾನ್ ಅಂದರೆ ಈ ಕೆರೆಯೇ.

ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿಯಿರಿ. ಅಲ್ಲಿಂದ ಶೇರ್ ಟ್ಯಾಕ್ಸಿಯಲ್ಲಿ ದಸ್ತೂರಿ ನಾಕಾ. ಕಾರು, ಬೈಕು ಅಲ್ಲಿಗೇ ನಿಲ್ಲುತ್ತವೆ. 1907ರಿಂದ ಇರುವ ಪುಟಾಣಿ ರೈಲು ಮಳೆಗಾಲದಲ್ಲಿ ನೇರಳ್‌ನಿಂದ ಹೊರಡುವುದಿಲ್ಲ, ದಸ್ತೂರಿ ಹತ್ತಿರದ ಅಮನ್ ಲಾಡ್ಜ್ ಸ್ಟೇಷನ್ನಿನಿಂದ ಮೇಲಕ್ಕೆ ಮಾತ್ರ. ಕುದುರೆ ಬೇಕಾದರೆ ಹೋಗಿಬರುವ ಬಾಡಿಗೆ ಎರಡನ್ನೂ ಮೊದಲೇ ಮಾತಾಡಿಕೊಳ್ಳಿ. ನಮಗೆ ಹತ್ತುವಾಗ ಒಂದು ರೇಟು, ಇಳಿಯುವಾಗ ಇನ್ನೊಂದು ಹೇಳಿದರು.

ಆದರೆ ಕಾಲು ಗಟ್ಟಿ ಇದ್ದವರು ನಡೆದೇ ಹೋಗಬೇಕು. ದಾರಿಯುದ್ದಕ್ಕೂ ಕೆಮ್ಮಣ್ಣು, ಮುರಕಲ್ಲು, ತಲೆಯ ಮೇಲೆ ಮರಗಳ ಚಪ್ಪರ. ಉಡುಪಿ ಕಡೆಯ ನಮಗೆ ಪರವೂರು ಅನ್ನಿಸುವುದೇ ಇಲ್ಲ. ಅದೃಷ್ಟವಿದ್ದರೆ ಕೆಂಜಳಿಲು ಕಾಣುತ್ತದೆ, ಇಲ್ಲಿನವರ ಶೇಕರು. ಕೊಂಬೆಯಿಂದ ಕೊಂಬೆಗೆ ಹಾರುವಾಗ ಬಾಲ ಹಿಂದೆ ನೇರವಾಗಿ ಚಾಚಿಕೊಳ್ಳುತ್ತದೆ.

ಕೆರೆ ದೊಡ್ಡದಲ್ಲ. ಗುಡ್ಡದ ಮಳೆನೀರಿಗೆ ಅಡ್ಡಲಾಗಿ ಕಟ್ಟಿದ ಒಡ್ಡು, ಅದರಾಚೆ ಕಣಿವೆ. ಜುಲೈ, ಆಗಸ್ಟಿನಲ್ಲಿ ಕೋಡಿ ಬಿದ್ದರೆ ನೀರು ಒಡ್ಡಿನ ಮೇಲಿಂದ ತೆಳ್ಳಗೆ ಜಾರಿ, ಪಾಚಿಗಟ್ಟಿದ ಕಲ್ಲುಗಳ ನಡುವೆ ನುಗ್ಗಿ ಪ್ರಪಾತಕ್ಕೆ ಬೀಳುತ್ತದೆ. ಆ ಕಲ್ಲಿನ ಮೇಲೆ ಕಾಲಿಡಲೇಬೇಡಿ, ವಿಪರೀತ ಜಾರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಅಕ್ಟೋಬರ್ ಒಳ್ಳೆಯದು. ಕೆರೆ ತುಂಬಿರುತ್ತದೆ, ಮಂಜು ಸರಿದಿರುತ್ತದೆ. ನಮ್ಮ ಅತ್ತೆ ಗ್ರಾಮದೇವರು ಪಿಸಾರ್‌ನಾಥನಿಗೆ ಕೈಮುಗಿದು, ಗುಡಿಯ ಹತ್ತಿರ ನೆರಳಲ್ಲಿ ಕೂತವರು "ನೀವು ಪಾಯಿಂಟು ಗೀಯಿಂಟು ನೋಡಿಕೊಂಡು ಬನ್ನಿ, ನಾನು ಏಳೋದಿಲ್ಲ" ಅಂದುಬಿಟ್ಟರು.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದೇನೆ. ಅದು ಕೆರೆಗಲ್ಲ, ಬರುವ ನಮ್ಮಂಥವರಿಗೆ. ಇದು ಊರಿಗೆ ಕುಡಿಯುವ ನೀರು ಕೊಡುವ ಕೆರೆ. 2003ರಲ್ಲೇ ಮಾಥೇರಾನ್ ಪರಿಸರ ಸೂಕ್ಷ್ಮ ವಲಯ ಅಂತ ಘೋಷಣೆಯಾಗಿದೆ. ಹಾಗಿದ್ದೂ ದಡದಲ್ಲಿ ಕುರ್ಕುರೆ ಪ್ಯಾಕೆಟ್ಟು, ನೀರಿನ ಬಾಟಲಿ ಬಿದ್ದಿರುತ್ತವೆ. ಒಬ್ಬರಂತೂ ಮಗುವಿನ ಕೆಸರಾದ ಚಪ್ಪಲಿಯನ್ನು ಕೆರೆಗೇ ಅದ್ದಿ ತೊಳೆಯುತ್ತಿದ್ದರು. ನೀವು ಹೋಗುವಾಗ ಒಂದು ಖಾಲಿ ಚೀಲ ಇಟ್ಟುಕೊಳ್ಳಿ, ನಿಮ್ಮ ಕಸ ನೇರಳ್‌ವರೆಗೆ ನಿಮ್ಮ ಜೊತೆಗೇ ಬರಲಿ. ಶನಿವಾರ, ಭಾನುವಾರ ಆದಷ್ಟು ತಪ್ಪಿಸಿ.