ಕಾರಿನ ತಗಡಿಗೆ ಯಾವ ವೆಲ್ಡಿಂಗ್? ಗ್ಯಾಸ್, ಫ್ಲಕ್ಸ್ ವೈರ್, ಸಿಒಟು

ಗುದ್ದಿದ ಕಾರಿನ ಬಾಡಿ ಕೆಲಸಕ್ಕೆ ವೆಲ್ಡಿಂಗ್ ಕಲಿಯುವವರು ಮೊದಲು ನೋಡಬೇಕಾದದ್ದು ತಗಡಿನ ದಪ್ಪ. ಫೆಂಡರ್, ಬಾಗಿಲಿನ ಹೊರತಗಡು ಎಲ್ಲ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್. ಗೇಟು, ಗ್ರಿಲ್ಲಿಗೆ ಬಳಸುವ ಕಡ್ಡಿ ವೆಲ್ಡಿಂಗ್ ಇಲ್ಲಿ ಬೇಡವೇ ಬೇಡ, ತಾಗಿಸಿದ ಕೂಡಲೇ ತೂತು. ಉಳಿದ ಮೂರನ್ನು ಗುಜರಿಯಿಂದ ತಂದ ಫೆಂಡರ್ ತುಂಡುಗಳ ಮೇಲೆ ಹಿಡಿದು ನೋಡಿದೆ: ಗ್ಯಾಸ್, ಸಿಲಿಂಡರ್ ಬೇಡದ ಫ್ಲಕ್ಸ್ ವೈರ್ (ಬೆಸುಗೆಯನ್ನು ಗಾಳಿಯಿಂದ ಕಾಯುವ ಪುಡಿ ತಂತಿಯೊಳಗೇ ಇರುತ್ತದೆ), ಮತ್ತೆ ಸಿಲಿಂಡರ್ ಇರುವ ಮಿಗ್ (ಮೆಶಿನ್ನೇ ತಂತಿ ಬಿಡುತ್ತದೆ, ಬೆಸುಗೆಯನ್ನು ಕಾಯುವುದು ಸಿಲಿಂಡರಿನ ಗ್ಯಾಸ್). ಈ ಕೊನೆಯದಕ್ಕೆ ಟಿಂಕರಿಂಗ್ ಶೆಡ್ಡುಗಳಲ್ಲಿ ಸಿಒಟು, ಅಂದರೆ ಕಾರ್ಬನ್ ಡೈಆಕ್ಸೈಡ್, ಅಂತಲೇ ಹೆಸರು.

ಆಕ್ಸಿಜನ್, ಅಸಿಟಿಲೀನ್ ಹಾಕಿ ಮಾಡುವ ಗ್ಯಾಸ್ ವೆಲ್ಡಿಂಗ್ ಒಳ್ಳೆ ಮೇಷ್ಟ್ರು. ಎಲ್ಲ ನಿಧಾನ. ತಗಡು ಕೆಂಪಾಗಿ, ಕರಗಿ, ಸಣ್ಣ ಹೊಂಡವಾಗುವುದು ಕಣ್ಣಿಗೆ ಕಾಣುತ್ತದೆ. ಒಂದು ಕೈಯಲ್ಲಿ ಬೆಂಕಿ, ಇನ್ನೊಂದರಲ್ಲಿ ತಂತಿ. ಬೆಸುಗೆ ಮೆತ್ತಗಿರುವುದರಿಂದ ಸುತ್ತಿಗೆಯಲ್ಲಿ ತಟ್ಟಿ ಸರಿಮಾಡಲೂ ಆಗುತ್ತದೆ. ಹಳೇ ಟಿಂಕರ್‌ಗಳು ಇದನ್ನು ಬಿಡಲು ಒಪ್ಪದಿರುವುದು ಸುಮ್ನೆ ಅಲ್ಲ. ಆದರೆ ಬಿಸಿ ಒಂದೇ ಕಡೆ ನಿಲ್ಲುವುದಿಲ್ಲ. ತಗಡು ಅಲೆ ಅಲೆಯಾಗಿ ಸೊಟ್ಟಗಾಗುತ್ತದೆ, ಪಕ್ಕದ ಪೇಂಟ್ ಸುಡುತ್ತದೆ, ಒಳಗಿನ ಸೀಲರ್‌ಗೆ ಬೆಂಕಿ ಹತ್ತಬಹುದು. ಈಗಿನ ಕಾರುಗಳ ಪಿಲ್ಲರ್‌ಗಳಲ್ಲಿ, ಅಂದರೆ ಚಾವಣಿ ಹೊರುವ ಕಂಬಗಳಲ್ಲಿ, ಇರುವ ಗಟ್ಟಿ ಉಕ್ಕಿಗಂತೂ ಆ ಶಾಖ ತಗುಲಿದರೆ ಬಲವೇ ಹೋಗುತ್ತದೆ. ಹಾಗಾಗಿ ಇದರಲ್ಲಿ ಕೈ ಪಳಗಿಸಿಕೊಳ್ಳಿ, ಆದರೆ ಗಿರಾಕಿಯ ಕಾರಿಗೆ ಇದನ್ನು ಹಿಡಿಯಬೇಡಿ.

ಫ್ಲಕ್ಸ್ ವೈರ್ ಮೆಶಿನ್ ಅಗ್ಗ. ಸಿಲಿಂಡರ್ ತುಂಬಿಸುವ ತಲೆನೋವಿಲ್ಲ, ಗಾಳಿ ಬೀಸಿದರೂ ನಡೆಯುತ್ತದೆ. ಟಾರ್ಚನ್ನು, ಅಂದರೆ ವೈರ್ ಹೊರಬರುವ ಕೈಹಿಡಿಯನ್ನು, ಮೆಶಿನ್ನಿನ ಮೈನಸ್‌ಗೆ ಹಾಕಬೇಕು, ಅದನ್ನು ಮರೆತವರಿಗೆ ಸಿಗುವುದು ಬರೀ ಸಿಡಿತ. ಸರಿಯಾಗಿ ಹಾಕಿದರೂ ಬೂದಿಪೊರೆ ಕೆರೆಯುವುದು, ಸಿಡಿದು ಅಂಟಿದ ಗುಂಡು ಉಜ್ಜುವುದು ತಪ್ಪುವುದಿಲ್ಲ. ಬ್ರಾಕೆಟ್, ದಪ್ಪ ಪಟ್ಟಿಗೆ ಓಕೆ. ಫೆಂಡರ್‌ಗೆ ಬೇಡ.

ಇನ್ನು ಸಿಒಟು. ಹೆಸರು ಹಾಗಿದ್ದರೂ ಬಾಡಿ ತಗಡಿಗೆ ಬರೀ ಸಿಒಟುಗಿಂತ ಆರ್ಗಾನ್ ಜಾಸ್ತಿ ಇರುವ ಮಿಶ್ರಣವೇ ವಾಸಿ. ಬರೀ ಸಿಒಟು ಆಳಕ್ಕೆ ಇಳಿಯುತ್ತದೆ, ಸಿಡಿಯುತ್ತದೆ. ಮಿಶ್ರಣದಲ್ಲಿ ಆರ್ಕ್ (ವೈರಿನ ತುದಿಯ ಕರೆಂಟಿನ ಉರಿ) ಮೆತ್ತಗೆ, ತೂತು ಕಡಿಮೆ. ಮೆಶಿನ್ ಬ್ರಾಂಡಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ಈ ಗ್ಯಾಸಿನ ಮಾತೇ ಎತ್ತುವುದಿಲ್ಲ, ವಿಚಿತ್ರ ಅಲ್ವಾ? ವೈರ್ 0.6 ಮಿಲಿಮೀಟರ್ ಸಿಕ್ಕರೆ ಅದೇ ತನ್ನಿ, ಇಲ್ಲದಿದ್ದರೆ 0.8. ಗ್ಯಾಸ್ ನಿಮಿಷಕ್ಕೆ 10ರಿಂದ 12 ಲೀಟರ್ ಸಾಕು. ಫ್ಯಾನ್ ಆರಿಸಿ, ಇಲ್ಲದಿದ್ದರೆ ಗ್ಯಾಸ್ ಹಾರಿಹೋಗಿ ಬೆಸುಗೆ ತುಂಬ ಸಣ್ಣ ಸಣ್ಣ ರಂಧ್ರ.

ಉದ್ದಕ್ಕೆ ಗೆರೆ ಎಳೆಯುವ ಆಸೆ ಬಿಡಿ. ಒಂದು ಚುಕ್ಕಿ ಇಲ್ಲಿ, ಇನ್ನೊಂದು ದೂರದಲ್ಲಿ, ಆರಿದ ಮೇಲೆ ನಡುವೆ ಮತ್ತೊಂದು. ಹೀಗೆ ಚುಕ್ಕಿಗಳನ್ನೇ ಸೇರಿಸುತ್ತ ಹೋದರೆ ತಗಡು ಸೊಟ್ಟಗಾಗುವುದು ತೀರಾ ಕಡಿಮೆ.

ಕಂಪನಿಯ ಸ್ಪಾಟ್ ವೆಲ್ಡ್ (ಎರಡು ತಗಡನ್ನು ಒತ್ತಿ ಕರೆಂಟ್ ಹಾಯಿಸಿ ಹಾಕಿದ ಚುಕ್ಕಿ ಬೆಸುಗೆ) ಬಿಡಿಸಿದ ಜಾಗಕ್ಕೆ ಪ್ಲಗ್ ವೆಲ್ಡ್, ಅಂದರೆ ತೂತು ತುಂಬುವ ಬೆಸುಗೆ, ಹಾಕಬೇಕು. ನಾನು ಹೆಚ್ಚು ತುಂಡು ಸುಟ್ಟಿದ್ದು ಇದಕ್ಕೇ. ಮೇಲಿನ ತಗಡಿಗೆ 8 ಮಿಲಿಮೀಟರ್ ತೂತು ಕೊರೆದು, ಎರಡನ್ನೂ ಕ್ಲ್ಯಾಂಪಿನಲ್ಲಿ ಬಿಗಿಯಾಗಿ ಒತ್ತಿ ಹಿಡಿದು, ಕೆಳಗಿನ ತಗಡಿನಿಂದ ಶುರು ಮಾಡಿ ಅಂಚಿನವರೆಗೆ ತುಂಬಬೇಕು. ಮೇಲಿಂದ ಚೆಂದ ಕಂಡರೆ ನಂಬಬೇಡಿ. ಅಭ್ಯಾಸದ ತುಂಡಿಗೆ ಉಳಿ ಹಾಕಿ ಎರಡನ್ನೂ ಕಿತ್ತು ನೋಡಿ. ಕೆಳಗಿನ ತಗಡು ಹರಿದು ತೂತಾದರೆ ಬೆಸುಗೆ ಹಿಡಿದಿದೆ. ಬೆಸುಗೆಯ ಗುಂಡು ನುಣ್ಣಗೆ ಬಿಟ್ಟುಕೊಂಡರೆ ಅದು ಬರೀ ಅಂಟಿಕೊಂಡಿತ್ತು, ಅಷ್ಟೇ. ಕರೆಂಟ್ ಏರಿಸಿ.

ಟಂಗ್‌ಸ್ಟನ್ ಕಡ್ಡಿಯ ಉರಿಯಲ್ಲಿ ಮಾಡುವ ಟಿಗ್ ಬೆಸುಗೆ ನೋಡಲು ಚೆಂದ, ಆದರೆ ನಿಧಾನ. ಬಾಡಿ ಕೆಲಸಕ್ಕೆ ಅದನ್ನೇ ಮೊದಲು ಕಲಿಯಬೇಕಿಲ್ಲ. ಸಮಯವಿದ್ದರೆ ಐಟಿಐನ ಒಂದು ವರ್ಷದ ವೆಲ್ಡರ್ ಟ್ರೇಡ್‌ನಲ್ಲಿ ಗ್ಯಾಸ್ ವೆಲ್ಡಿಂಗೂ ಮಿಗ್ಗೂ ಎರಡೂ ಕೈಗೆ ಸಿಗುತ್ತವೆ.

ಮನೆಯಲ್ಲೇ ಕಲಿಯುವವರು ಸಿಲಿಂಡರ್ ಹಾಕಿಯೂ, ಫ್ಲಕ್ಸ್ ವೈರ್ ಹಾಕಿಯೂ ನಡೆಸಬಹುದಾದ ಮಿಗ್ ಮೆಶಿನ್ ಕೊಳ್ಳಿ. ಫ್ಲಕ್ಸ್ ವೈರಿನಲ್ಲಿ ಟಾರ್ಚ್ ಹಿಡಿಯುವುದು ರೂಢಿಯಾದ ಮೇಲೆ ಸಿಲಿಂಡರ್ ತಂದರಾಯಿತು. ಕಾರಿನ ಮೇಲೆ ಕೈ ಹಾಕುವ ಮೊದಲು ಬ್ಯಾಟರಿ ಕಳಚಿ, ಬೆಸೆಯುವ ಜಾಗದ ಸತುವಿನ ಲೇಪ ಉಜ್ಜಿ ತೆಗೆಯಿರಿ. ಸತು ಸುಟ್ಟ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರಬಹುದು. ಪಿಲ್ಲರ್, ಚಾಸಿ ರೈಲನ್ನು (ಕಾರಿನ ತಳದ ಉದ್ದ ತೊಲೆ) ಮಾತ್ರ ಕಲಿಯುವ ಹಂತದಲ್ಲಿ ಮುಟ್ಟಬೇಡಿ.