ಹಿಗ್ಗುವ ಬಟ್ಟೆಯ ಅಂಚಿಗೆ ಯಾವುದು ವಾಸಿ: ಜೋಡಿ ಸೂಜಿ, ಮನೆಯ ಕವರ್‌ಸ್ಟಿಚ್, ಕಾರ್ಖಾನೆಯ ಫ್ಲಾಟ್‌ಲಾಕ್

ಟೀ ಶರ್ಟು, ಲೆಗ್ಗಿಂಗ್ಸ್, ಮಕ್ಕಳ ನೈಟ್ ಡ್ರೆಸ್ಸುಗಳಂಥ ಹೊಸೈರಿ ಬಟ್ಟೆಯ ಅಂಚನ್ನು ಮಡಚಿ ಹೊಲಿಯಲು ನಾನು ಮೂರು ದಾರಿಗಳನ್ನು ಬಳಸಿ ನೋಡಿದ್ದೇನೆ: ಮಾಮೂಲಿ ಜಿಗ್‌ಜಾಗ್ ಯಂತ್ರಕ್ಕೆ ಜೋಡಿ ಸೂಜಿ ಹಾಕುವುದು, ಮನೆಬಳಕೆಯ ಕವರ್‌ಸ್ಟಿಚ್ ಯಂತ್ರ, ಮತ್ತು ಗಾರ್ಮೆಂಟ್ಸ್‌ನವರು ಫ್ಲಾಟ್‌ಲಾಕ್ ಎಂದು ಕರೆಯುವ ಕಾರ್ಖಾನೆಯ ಯಂತ್ರ. ಕೊನೆಗೆ ಹಣ ಕೊಟ್ಟು ತಂದದ್ದು ಎರಡನೆಯದನ್ನು; ನನ್ನ ಒಲವು ಉದ್ದಕ್ಕೂ ಅದರ ಕಡೆಗೇ ಇರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವೇಗ, ತೂಕ, ವ್ಯಾಟ್ ಇತ್ಯಾದಿಗಳು ಅಂಗಡಿಯವರ ಕರಪತ್ರದಲ್ಲಿ ಇದ್ದೇ ಇರುತ್ತವೆ. ನಾನು ಈ ಮೂರನ್ನೂ ಅಳೆದದ್ದು ಒಂದೇ ಪ್ರಶ್ನೆಯಿಂದ: ಬಟ್ಟೆಯ ಅಡಿಯಲ್ಲಿ ಓಡುವ ದಾರವನ್ನು ಬೇಕಾದಾಗ, ಬೇಕಾದಷ್ಟೇ ಸಡಿಲಿಸಲು ಯಾವುದರಲ್ಲಿ ಸುಲಭ?

ಈ ಪ್ರಶ್ನೆ ಮುಖ್ಯವಾಗುವುದು ಹಿಗ್ಗುವ ಬಟ್ಟೆಯ ಸ್ವಭಾವದಿಂದಾಗಿ. ಮೇಲ್ಗಡೆ ಎರಡು ಸಮಾನಾಂತರ ಸಾಲುಗಳು, ಅಡಿಯಲ್ಲಿ ಅವೆರಡನ್ನೂ ಹಿಡಿದುಕೊಂಡು ಅತ್ತಿಂದಿತ್ತ ಓಡುವ ಒಂದು ದಾರ, ಇದು ಮೂರು ದಾರಿಗಳಿಗೂ ಸಮಾನವಾದ ರಚನೆ. ಅಡಿಯ ದಾರ ಬಿಗಿಯಾದರೆ ಅದು ಎರಡು ಸಾಲುಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ನಡುವಿನ ಬಟ್ಟೆಗೆ ಜಾಗವಿಲ್ಲದೆ ಅದು ಗದ್ದೆಯ ಬದುವಿನಂತೆ ಉಬ್ಬಿ ನಿಲ್ಲುತ್ತದೆ. ನೇಯ್ದ ದಪ್ಪ ಬಟ್ಟೆ ಆ ಎಳೆತವನ್ನು ತಡೆದುಕೊಳ್ಳುತ್ತದೆ, ತೆಳುವಾದ ಕಾಟನ್ ಲೈಕ್ರಾ ತಡೆದುಕೊಳ್ಳುವುದಿಲ್ಲ. ಇಸ್ತ್ರಿ ಹಾಕಿದಾಗ ಮಟ್ಟವಾದಂತೆ ಕಂಡ ಬದು ಒಂದು ಒಗೆತಕ್ಕೆ ಮತ್ತೆ ಏಳುತ್ತದೆ.

ಜೋಡಿ ಸೂಜಿಯ ವಿಷಯವನ್ನು ಬೇಗ ಮುಗಿಸಬಹುದು. ಕೆಲವು ನೂರು ರೂಪಾಯಿಯೊಳಗೆ ಸ್ಟ್ರೆಚ್ ಬಟ್ಟೆಗೆಂದೇ ಮಾಡಿದ 4 ಮಿ.ಮೀ ಅಂತರದ ಜೋಡಿ ಸೂಜಿ ಸಿಗುತ್ತದೆ, ಬೇರೆ ಯಂತ್ರ ಕೊಳ್ಳಬೇಕಾಗಿಲ್ಲ, ಮೇಲಿನಿಂದ ನೋಡಿದರೆ ಅಂಚು ಕೊಂಡು ತಂದ ಬಟ್ಟೆಯದರಂತೆಯೇ ಇರುತ್ತದೆ. ಆದರೆ ನೇರ ಹೊಲಿಗೆ ಮಾತ್ರ ಹಾಕುವ ಹಳೆಯ ಕಪ್ಪು ಯಂತ್ರದಲ್ಲಿ ಪ್ಲೇಟಿನ ರಂಧ್ರ ಕಿರಿದಾಗಿರುವುದರಿಂದ ಇದು ನಡೆಯುವುದಿಲ್ಲ. ನಡೆಯುವ ಯಂತ್ರದಲ್ಲೂ ಅಡಿಯ ದಾರವೆಂದರೆ ಬಾಬಿನ್ ದಾರ. ಅದನ್ನು ಸಡಿಲಿಸಬೇಕಾದರೆ ಬಾಬಿನ್ ಕೇಸಿನ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಮರುದಿನ ರವಿಕೆ ಹೊಲಿಯುವ ಹೊತ್ತಿಗೆ ಅದನ್ನು ಮೊದಲಿದ್ದಲ್ಲಿಗೇ ತರಬೇಕು. ಇದಕ್ಕೆಂದೇ ಎರಡನೆಯ ಬಾಬಿನ್ ಕೇಸ್ ಇಟ್ಟುಕೊಂಡರೆ ಕೆಲಸ ಹಗುರವಾಗುತ್ತದೆ. ಆಗಲೂ ಹೊಲಿಗೆ ಮೂಲತಃ ಸೂಜಿ ದಾರ ಮತ್ತು ಬಾಬಿನ್ ದಾರ ಒಂದನ್ನೊಂದು ಸಿಕ್ಕಿಸಿಕೊಳ್ಳುವ ಲಾಕ್‌ಸ್ಟಿಚ್ಚೇ ಆಗಿರುವುದರಿಂದ, ಮಗು ಅಂಗಿಯನ್ನು ಸೊಂಟದಿಂದ ಕೆಳಕ್ಕೆ ಎಳೆದು ತೆಗೆಯುವ ರಭಸಕ್ಕೆ ಬಾಬಿನ್ ದಾರ ಪಟ್ಟೆಂದು ತುಂಡಾಗುತ್ತದೆ.

ಕವರ್‌ಸ್ಟಿಚ್ ಹಾಗೆ ತುಂಡಾಗದಿರಲು ಕಾರಣ ದಾರದ ಲೆಕ್ಕದಲ್ಲೇ ಇದೆ. ಮಾಮೂಲಿ ಲಾಕ್‌ಸ್ಟಿಚ್‌ನಲ್ಲಿ 1 ಸೆಂ.ಮೀ ಹೊಲಿಗೆಗೆ ಸುಮಾರು 2.5 ಸೆಂ.ಮೀ ದಾರ ಹಿಡಿದರೆ, ಹೊಲಿಗೆಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 406 ಎಂಬ ಸಂಖ್ಯೆಯಿರುವ ಎರಡು ಸೂಜಿಯ ಕವರ್‌ಸ್ಟಿಚ್‌ಗೆ ಸುಮಾರು 18 ಸೆಂ.ಮೀ ಬೇಕು, ಅದರಲ್ಲಿ ನೂರಕ್ಕೆ 70ರಷ್ಟು ಪಾಲು ಲೂಪರ್‌ನದು, ಅಂದರೆ ಬಾಬಿನ್ ಇಲ್ಲದೆ ಅಡಿಯ ದಾರವನ್ನು ಕುಣಿಕೆಗಳಾಗಿ ಹೆಣೆಯುವ ಕೊಕ್ಕೆಯದು. ಬಟ್ಟೆ ಹಿಗ್ಗಿದಾಗ ಬಿಟ್ಟುಕೊಡಲು ಅಡಿಯಲ್ಲಿ ಅಷ್ಟು ದಾರ ಕಾದಿರುತ್ತದೆ. ಲೂಪರ್ ಟೆನ್ಷನ್ (ದಾರದ ಬಿಗಿತ) ಹೆಚ್ಚಿಸುವುದೆಂದರೆ ಆ ದಾಸ್ತಾನನ್ನೇ ಕಡಿತ ಮಾಡಿದಂತೆ.

ಮನೆಯ ಯಂತ್ರವನ್ನು ಮಾರಿದ ಅಂಗಡಿಯವರು ಅದನ್ನು ದಪ್ಪ ಇಂಟರ್‌ಲಾಕ್ ಬಟ್ಟೆಯ ತುಂಡಿನ ಮೇಲೆ ಓಡಿಸಿ ತೋರಿಸಿ, “ಟೆನ್ಷನ್ ಮುಟ್ಟಬೇಡಿ ಮೇಡಂ, ಕಂಪನಿ ಸೆಟ್ಟಿಂಗ್ ಇದೆ” ಎಂದು ಹೇಳಿ ಕಳುಹಿಸಿದ್ದರು. ಆ ಸೆಟ್ಟಿಂಗ್‌ನಲ್ಲಿ ತೆಳು ಲೈಕ್ರಾದ ಮೇಲೆ ಬದು ಎದ್ದೇ ಏಳುತ್ತಿತ್ತು. ಕಿರಿಕಿರಿ ಶುರುವಾದದ್ದು ಇಲ್ಲಿಂದ. ಈ ಯಂತ್ರವನ್ನು ಕೊಳ್ಳುವವರು ಇದೊಂದನ್ನು ತಿಳಿದುಕೊಂಡರೆ ಉಳಿದದ್ದನ್ನು ಕೈಪಿಡಿ ನೋಡಿಕೊಂಡು ನಿಭಾಯಿಸಬಹುದು.

ಸೂಜಿಗಳ ಎರಡು ಡಯಲ್‌ಗಳನ್ನು ನಡುವಿನ ಸಂಖ್ಯೆಯಲ್ಲೇ ಬಿಟ್ಟು, ಲೂಪರ್ ಡಯಲನ್ನು ಮಾತ್ರ ಅರ್ಧರ್ಧ ಸಂಖ್ಯೆ ಇಳಿಸುತ್ತ, ಪ್ರತಿ ಸಲವೂ ಅದೇ ಬಟ್ಟೆಯ ಗೇಣುದ್ದದ ಪಟ್ಟಿಯನ್ನು ಮಡಚಿ ಹೊಲಿದು ನೋಡಬೇಕು. ಪಟ್ಟಿಯನ್ನು ತಿರುವಿದಾಗ ಲೂಪರ್ ದಾರ ಎರಡೂ ಸಾಲುಗಳನ್ನು ಮುಟ್ಟಿಕೊಂಡು ಬಟ್ಟೆಯ ಮೇಲೆ ಸುಮ್ಮನೆ ಮಲಗಿರಬೇಕು. ಬೆರಳ ಉಗುರಿಗೆ ಕುಣಿಕೆ ಸಿಕ್ಕುವಷ್ಟು ಜೋತಾಡಿದರೆ ಇಳಿಸಿದ್ದು ಹೆಚ್ಚಾಯಿತು. ಆಮೇಲೆ ಪಟ್ಟಿಯ ಎರಡು ತುದಿ ಹಿಡಿದು ಬಟ್ಟೆ ಹಿಗ್ಗುವಷ್ಟೂ ಎಳೆಯಬೇಕು. ತುಂಡಾದದ್ದು ಮೇಲಿನ ದಾರವಾದರೆ ಸೂಜಿಯ ಟೆನ್ಷನ್ ಹೆಚ್ಚಿದೆ, ಅಡಿಯದಾದರೆ ಲೂಪರ್‌ನದು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಬದು ಕಂಡ ಕೂಡಲೇ ಸೂಜಿಯ ದಾರವನ್ನು ಬಿಗಿ ಮಾಡುವವರು ಬಹಳ ಮಂದಿ ಇದ್ದಾರೆ. ಅದರಿಂದ ಬದು ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಇಳಿಯುವುದಿಲ್ಲ.

ಇಷ್ಟಾದರೂ ಡಯಲ್ ತಳ ಮುಟ್ಟಿದ ಮೇಲೂ ಬದು ಉಳಿಯುವ ಸಂದರ್ಭ ಬರುತ್ತದೆ, ಮತ್ತು ನನ್ನ ವಿಷಯದಲ್ಲಿ ಅದಕ್ಕೆ ಕಾರಣವಾಗಿದ್ದದ್ದು ಎಲ್ಲರೂ ಹೊಗಳುವ ವೂಲಿ ದಾರ. ಈ ನೊರೆಯಂಥ ಮೆತ್ತನೆಯ ದಾರ ಲೂಪರ್‌ನಲ್ಲಿದ್ದರೆ ಒಳಭಾಗ ಚರ್ಮಕ್ಕೆ ಹಿತವಾಗಿರುತ್ತದೆ ಎಂಬುದು ನಿಜ. ಆದರೆ ಅದು ಸ್ವತಃ ಹಿಗ್ಗುವ ದಾರ. ಟೆನ್ಷನ್ ಬಿಲ್ಲೆಗಳ ನಡುವಿನಿಂದ ಹಾಯುವಾಗ ಹಿಗ್ಗಿಕೊಂಡು ಹೋಗಿ, ಬಟ್ಟೆಯೊಳಗೆ ಸೇರಿದ ಮೇಲೆ ಕುಗ್ಗಿ, ಎರಡು ಸಾಲುಗಳನ್ನೂ ತನ್ನ ಜೊತೆಗೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಹೊಲಿದ ಕ್ಷಣಕ್ಕೆ ಮಟ್ಟವಾಗಿದ್ದ ಅಂಚು ಸ್ವಲ್ಪ ಹೊತ್ತಿಗೆ ಉಬ್ಬುವುದರ ಗುಟ್ಟು ಇದೇ. ಬಿಲ್ಲೆಗಳಿಗಿಂತ ಮೊದಲು ಬರುವ ದಾರದ ಕೊಂಡಿಗಳಲ್ಲಿ ಒಂದನ್ನು ಬಿಟ್ಟು ಪೋಣಿಸಿದಾಗ ಎಳೆತ ಇನ್ನಷ್ಟು ಕಡಿಮೆಯಾಗಿ ಅಂಚು ಸರಿಹೋಯಿತು. ಆದರೂ ಈಗ ನಾನು ಲೂಪರ್‌ಗೆ ಮಾಮೂಲಿ ತೆಳು ಸ್ಪನ್ ಪಾಲಿಯೆಸ್ಟರ್ ಕೋನ್ ಹಾಕುವುದೇ ಹೆಚ್ಚು. ಡಯಲ್ ನಡುವಿಗಿಂತ ಒಂದಿಷ್ಟು ಕೆಳಗೆ ನಿಂತರೆ ಸಾಕು, ಅಂಚು ಮಟ್ಟವಾಗಿರುತ್ತದೆ. ವೂಲಿ ನೈಲಾನ್ ಆದರೆ ಹತ್ತಿಬಟ್ಟೆಗೆ ಇಡುವ ಬಿಸಿಯ ಇಸ್ತ್ರಿ ತಾಗಿದಲ್ಲಿ ಗಡುಸಾಗಿ ಚುಚ್ಚಬಹುದು ಎಂಬುದು ಮತ್ತೊಂದು ತೊಡಕು.

ಬದು ಬೇರೆ, ಅಲೆ ಬೇರೆ. ಎರಡು ಸಾಲುಗಳ ನಡುವೆ ಉಬ್ಬಿದರೆ ಅದು ಲೂಪರ್‌ನ ದೋಷ; ಅಂಚಿನ ಉದ್ದಕ್ಕೂ ಬಟ್ಟೆ ಅಲೆಅಲೆಯಾಗಿ ಹರಡಿದರೆ ಟೆನ್ಷನ್ ಡಯಲ್ ಮುಟ್ಟಿ ಪ್ರಯೋಜನವಿಲ್ಲ. ಅದು ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್‌ನ ಒತ್ತಡ ಹೆಚ್ಚಾಗಿ ಬಟ್ಟೆ ಹಿಗ್ಗಿಕೊಂಡೇ ಹೊಲಿಗೆಗೆ ಸಿಕ್ಕಿದ್ದರ ಫಲ. ಒತ್ತಡ ತಗ್ಗಿಸಿ, ಡಿಫರೆನ್ಷಿಯಲ್ ಫೀಡನ್ನು, ಅಂದರೆ ಬಟ್ಟೆಯನ್ನು ಸಾಗಿಸುವ ಮುಂದಿನ ಮತ್ತು ಹಿಂದಿನ ಹಲ್ಲುಗಳ ಓಟದ ಅನುಪಾತವನ್ನು, 1ರಿಂದ 1.3 ಅಥವಾ 1.5ರವರೆಗೆ ಏರಿಸಿದರೆ ಮುಂದಿನ ಹಲ್ಲುಗಳು ಹಿಂದಿನವಕ್ಕಿಂತ ಹೆಚ್ಚು ಬಟ್ಟೆಯನ್ನು ತಳ್ಳಿ ಆ ಹಿಗ್ಗನ್ನು ಸರಿದೂಗಿಸುತ್ತವೆ. ಜೋಡಿ ಸೂಜಿ ಹಾಕುವ ಮಾಮೂಲಿ ಯಂತ್ರದಲ್ಲಿ ಈ ಸೌಲಭ್ಯವೇ ಇಲ್ಲ. ನನ್ನ ಮಟ್ಟಿಗೆ ಹೋಲಿಕೆ ಇಲ್ಲಿಗೇ ತೀರ್ಮಾನವಾಗುತ್ತದೆ.

ಇನ್ನು ಫ್ಲಾಟ್‌ಲಾಕ್. ಬೆಂಗಳೂರಿನ ಬೊಮ್ಮನಹಳ್ಳಿಯ ಕಡೆ ಪರಿಚಯದವರ ಸಣ್ಣ ಘಟಕದಲ್ಲಿ ಇದರ ಮೇಲೆ ಕುಳಿತು ಹೊಲಿದಿದ್ದೇನೆ, ಮತ್ತು ಅದರ ಅಂಚಿಗೆ ನನ್ನ ಯಂತ್ರದ ಅಂಚು ಸಾಟಿಯಲ್ಲ ಎಂದು ಒಪ್ಪಲು ಸಂಕೋಚವಿಲ್ಲ. ಅಲ್ಲಿ ಟೆನ್ಷನ್ ಗುಂಡಿಗಳ ಮೇಲೆ ಸಂಖ್ಯೆಗಳೇ ಇಲ್ಲ. ಅಲ್ಲಿನ ಮೆಕ್ಯಾನಿಕ್ ಬಿಲ್ಲೆ ದಾಟಿ ಬರುವ ದಾರವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲಗೆ ಎಳೆದು, ಗುಂಡಿಯನ್ನು ಕಾಲು ಸುತ್ತು ತಿರುಗಿಸಿ, ಹೊಲಿದ ತುಂಡನ್ನು ಮಗುಚಿ ನೋಡಿ ಎದ್ದುಹೋಗುತ್ತಿದ್ದರು. ಆಮೇಲೆ ಅದೇ ಬಟ್ಟೆಯ ರಾಶಿ ಮುಗಿಯುವವರೆಗೂ ಯಾರೂ ಗುಂಡಿ ಮುಟ್ಟಬೇಕಾಗುತ್ತಿರಲಿಲ್ಲ. ಬಟ್ಟೆ ಬದಲಾದರೆ ಮತ್ತೆ ಅವರನ್ನೇ ಕರೆಯಬೇಕು, ಏಕೆಂದರೆ ಲೂಪರ್ ದಾರವನ್ನು ಎಳೆದು ಬಿಡುವ ಕ್ಯಾಮ್ ಸಹ ಹೊಂದಾಣಿಕೆಯಲ್ಲಿ ಪಾಲುದಾರ, ಮತ್ತು ಅದು ನನ್ನಂಥವರು ಕೈಯಿಡುವ ಜಾಗವಲ್ಲ. ತಿರುಪ್ಪೂರು, ಬೆಂಗಳೂರುಗಳ ಕಾರ್ಖಾನೆಗಳಿಗೆ ಈ ಏರ್ಪಾಡು ಹೇಳಿ ಮಾಡಿಸಿದ್ದು. ನನ್ನ ಮೇಜಿನ ಮೇಲೆ ಬೆಳಿಗ್ಗೆ ರೇಯಾನ್ ಲೈಕ್ರಾ ಇದ್ದರೆ ಮಧ್ಯಾಹ್ನ ದಪ್ಪ ಫ್ಲೀಸ್ ಇರುತ್ತದೆ. ಡಯಲ್‌ನ ಸಂಖ್ಯೆಯನ್ನು ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆದು ಪುಸ್ತಕಕ್ಕೆ ಪಿನ್ ಹೊಡೆದಿಟ್ಟುಕೊಂಡರೆ, ತಿಂಗಳ ನಂತರ ಅದೇ ಬಟ್ಟೆ ಬಂದಾಗ ಅರೆನಿಮಿಷದಲ್ಲಿ ಅಲ್ಲಿಗೇ ಮರಳಬಹುದು. ದಾರದ ಕೋನ್ ಬದಲಾದರೆ ಮಾತ್ರ ಆ ಸಂಖ್ಯೆಯನ್ನು ನಂಬುವಂತಿಲ್ಲ.

ಸೆಕೆಂಡ್‌ಹ್ಯಾಂಡ್ ಫ್ಲಾಟ್‌ಲಾಕ್ ಹೊಸ ಮನೆಯಂತ್ರದ ಬೆಲೆಗೇ ಸಿಗುವುದುಂಟು. ಆದರೆ ಅದಕ್ಕೆ ತನ್ನದೇ ಮೇಜು, ಮೋಟಾರು, ತುಂಬಿಸಬೇಕಾದ ಎಣ್ಣೆ, ಕೋಣೆಯ ಒಂದು ಗೋಡೆ ಪೂರ್ತಿ ಬೇಕು.

ಮನೆಯ ಯಂತ್ರದ ನಿಜವಾದ ಸೋಲು ಪಕ್ಕದ ಜೋಡಣೆಯ ಬಳಿ ಕಾಣುತ್ತದೆ. ಬರೀ ಮಡಿಕೆಯಲ್ಲಿ ಎರಡು ಪದರವಿದ್ದರೆ, ಓವರ್‌ಲಾಕ್ ಮಾಡಿದ ಜೋಡಣೆಯನ್ನು ಒಂದೇ ಕಡೆಗೆ ಮಡಚಿದ ಜಾಗದಲ್ಲಿ ಆರು ಪದರಗಳಾಗುತ್ತವೆ. ಆ ಏರನ್ನು ಹತ್ತುವಾಗ ಫೂಟ್ ಮೇಲೆದ್ದು ಹೊಲಿಗೆ ತಪ್ಪುತ್ತದೆ. ಫ್ಲಾಟ್‌ಲಾಕ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನಾನು ಮಡಿಕೆಯ ಒಳಪದರದಲ್ಲಿ ಜೋಡಣೆಯ ಅಂಚನ್ನು ಎದುರು ದಿಕ್ಕಿಗೆ ತಿರುಗಿಸಿ, ಆರನ್ನು ಅತ್ತಿತ್ತ ನಾಲ್ಕು ನಾಲ್ಕಕ್ಕೆ ಹಂಚಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಅಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ ದಾಟಿಸುತ್ತೇನೆ. ಈ ಜಾಗದಲ್ಲಿ ಟೆನ್ಷನ್ ಬದಲಾಯಿಸಬಾರದು, ಬದಲಾಯಿಸಿದರೆ ಏರಿನ ಎರಡೂ ಬದಿಯ ಹೊಲಿಗೆ ಬೇರೆಬೇರೆಯಾಗಿ ಕಾಣುತ್ತದೆ.

ಕೊನೆಯ ದಾರವನ್ನು ಅಡಿಗೆ ಎಳೆದು ಗಂಟು ಹಾಕುವುದು ಮನೆಯಂತ್ರದಲ್ಲಿ ಕಡ್ಡಾಯ. ಲೂಪರ್ ದಾರದ ತುದಿ ಸಿಕ್ಕರೆ ಅಂಚು ಪೂರ್ತಿ ಬಿಚ್ಚಿಕೊಳ್ಳುತ್ತದೆ.

ವಾರಕ್ಕೆ ಹತ್ತಾರು ಬಗೆಯ ಬಟ್ಟೆಗಳನ್ನು ಒಂದೊಂದೇ ಹೊಲಿಯುವವರಿಗೆ ಮನೆಯ ಕವರ್‌ಸ್ಟಿಚ್ಚೇ ಸರಿ ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ ನಾಲ್ಕು ಟೀ ಶರ್ಟು ಹೊಲಿಯುವವರು ಜೋಡಿ ಸೂಜಿ ಮತ್ತು ಇನ್ನೊಂದು ಬಾಬಿನ್ ಕೇಸ್ ಕೊಂಡು ಉಳಿದ ಹಣವನ್ನು ಬಟ್ಟೆಗೆ ಹಾಕಲಿ. ಶಾಲೆಯ ಕ್ರೀಡಾಕೂಟಕ್ಕೆ ಒಂದೇ ಬಟ್ಟೆಯ ಐವತ್ತು ಜೆರ್ಸಿಗಳ ಕೆಲಸ ಬಂದಾಗ ನಾನು ಈಗಲೂ ಬೊಮ್ಮನಹಳ್ಳಿಯ ಆ ಘಟಕಕ್ಕೇ ಕಳುಹಿಸುತ್ತೇನೆ.