ಬೆನ್ನುನೋವಿಗೆ ಮೂವತ್ತು ಸಿಟ್ಟಿಂಗ್‌ಗಳ ಹಣ ಕಟ್ಟುವ ಮುನ್ನ

ಬೆನ್ನುನೋವಿಗೆಂದು ಫಿಸಿಯೋಥೆರಪಿಗೆ ಹೋಗುವವರಿಗೆ, ಅದರಲ್ಲೂ ಮುಂಗಡವಾಗಿ ಪ್ಯಾಕೇಜಿನ ಹಣ ಕಟ್ಟಲು ಹೊರಟವರಿಗೆ, ನನಗಾದದ್ದನ್ನು ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಫಿಸಿಯೋಥೆರಪಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಇವತ್ತು ನಾನು ತರಗತಿಯಲ್ಲಿ ನಿಂತು ಪಾಠ ಹೇಳುತ್ತಿರುವುದು ಒಬ್ಬ ಫಿಸಿಯೋಥೆರಪಿಸ್ಟರ ಕೃಪೆಯಿಂದಲೇ. ಆದರೆ ಅವರ ಬಳಿಗೆ ಹೋಗುವ ಮೊದಲು ಬೇರೊಂದು ಕ್ಲಿನಿಕ್ಕಿನಲ್ಲಿ ನಾಲ್ಕು ತಿಂಗಳು ಕಾಲವನ್ನೂ 27,000 ರೂಪಾಯಿಯನ್ನೂ ಕಳೆದುಕೊಂಡೆ. ಆ ಕ್ಲಿನಿಕ್ಕಿನಲ್ಲಿದ್ದ ಇಬ್ಬರಿಗೆ ನನ್ನ ಚಿಕಿತ್ಸೆಯ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು; ಅದನ್ನು ನನ್ನಿಂದ ಮುಚ್ಚಿಟ್ಟರು; ಮುಚ್ಚಿಟ್ಟದ್ದರ ಸುಳಿವು ಸಿಕ್ಕಾಗಲೂ ನಾನು ಮುಚ್ಚಿಟ್ಟವರ ಪಕ್ಷವನ್ನೇ ವಹಿಸಿದೆ.

ನಾನು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ, ವಯಸ್ಸು ನಲವತ್ತೇಳು. 2024ರ ಗೌರಿ-ಗಣೇಶ ಹಬ್ಬಕ್ಕೆ ಒಂದು ವಾರವಿರುವಾಗ 25 ಕೆಜಿಯ ಅಕ್ಕಿ ಚೀಲವನ್ನು ಪಕ್ಕಕ್ಕೆ ಸರಿಸಲು ಹೋಗಿ ಸೊಂಟ ಹಿಡಿದುಕೊಂಡಿತು. ಎರಡು ದಿನಗಳ ನಂತರ ನೋವು ಎಡ ಪಿರ್ರೆಯಿಂದ ತೊಡೆಯವರೆಗೆ ಇಳಿಯಿತು. ವೈದ್ಯರು ಒಂದು ವಾರದ ಮಾತ್ರೆ ಬರೆದುಕೊಟ್ಟು, ಸದ್ಯಕ್ಕೆ ಸ್ಕ್ಯಾನ್ ಬೇಡ ಎಂದಿದ್ದರು. ಹಟ ಹಿಡಿದು ಎಂಆರ್‌ಐ ಮಾಡಿಸಿಕೊಂಡವಳು ನಾನೇ. ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸವೆದು ಹೊರಕ್ಕೆ ಉಬ್ಬಿದೆ ಎಂದು ವರದಿ ಬಂತು. ಆ ಲಕೋಟೆಯನ್ನು ಹಿಡಿದುಕೊಂಡು, ಸಹೋದ್ಯೋಗಿಯೊಬ್ಬರು ಹೇಳಿದ ಕ್ಲಿನಿಕ್ಕಿಗೆ ಹೋದೆ.

ಅಲ್ಲಿನ ಹಿರಿಯರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಮೇಡಂ, ಡಿಸ್ಕ್ ಜಾರಿದೆ. ಇನ್ನು ಬಗ್ಗೋದು, ನೆಲದ ಮೇಲೆ ಕೂರೋದು, ಕೊಡ ಎತ್ತೋದು ಎಲ್ಲಾ ಬಿಟ್ಟುಬಿಡಿ. ನಿರ್ಲಕ್ಷ್ಯ ಮಾಡಿದ್ರೆ ಆಪರೇಷನ್ನೇ ಗತಿ" ಎಂದರು. ಮೂವತ್ತು ಸಿಟ್ಟಿಂಗ್‌ಗಳ ಪ್ಯಾಕೇಜಿಗೆ 13,500 ರೂಪಾಯಿ. ಬಿಡಿಬಿಡಿಯಾಗಿ ಕೊಟ್ಟರೆ ಹೆಚ್ಚಾಗುತ್ತದೆ ಎಂದರು. ಹದಿನೈದು ನಿಮಿಷ ಐಎಫ್‌ಟಿ, ಅಂದರೆ ಪ್ಯಾಡುಗಳನ್ನು ಅಂಟಿಸಿ ವಿದ್ಯುತ್ತಿನ ಚುರುಚುರು ಕೊಡುವ ಯಂತ್ರ. ಆಮೇಲೆ ಜೆಲ್ ಹಚ್ಚಿ ಸೊಂಟದ ಮೇಲೆ ಅಲ್ಟ್ರಾಸೌಂಡ್; ಇದು ಸ್ಕ್ಯಾನ್ ಅಲ್ಲ, ಶಬ್ದತರಂಗ ಹಾಯಿಸುವ ಚಿಕಿತ್ಸೆ. ಕೊನೆಗೆ ಸೊಂಟಕ್ಕೆ ಪಟ್ಟಿ ಬಿಗಿದು ಎಳೆಯುವ ಟ್ರ್ಯಾಕ್ಷನ್. ಮನೆಯಲ್ಲಿ ಹಗಲೆಲ್ಲ ಬೆಲ್ಟ್. ವ್ಯಾಯಾಮದ ಮಾತು ಬರಲಿಲ್ಲ. ಮೂತ್ರ ಸರಿಯಾಗಿ ಹೋಗುತ್ತಿದೆಯೇ, ತೊಡೆಯ ಸಂದಿನಲ್ಲಿ ಮರಗಟ್ಟಿದೆಯೇ, ಕಾಲಿನ ಬಲ ಕಡಿಮೆಯಾಗಿದೆಯೇ, ಜ್ವರ ಬಂದಿತ್ತೇ ಎಂಬ ಪ್ರಶ್ನೆಗಳೂ ಬರಲಿಲ್ಲ. ಆ ಪ್ರಶ್ನೆಗಳನ್ನು ಮೊದಲ ದಿನವೇ ಕೇಳಬೇಕಾಗಿತ್ತು ಎಂಬುದು ನನಗೆ ಗೊತ್ತಾದದ್ದು ಜನವರಿಯಲ್ಲಿ.

ಡಿಸ್ಕ್ ಉಬ್ಬಿದೆ ಎಂಬ ಪದವೇ ನನ್ನನ್ನು ಅರ್ಧ ಸೋಲಿಸಿತ್ತು. ಆಗ ಯಾರಾದರೂ ಇದನ್ನು ಹೇಳಿದ್ದರೆ ಎಷ್ಟು ಧೈರ್ಯ ಬರುತ್ತಿತ್ತೋ: ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಂತೆ ನಲವತ್ತರ ವಯಸ್ಸಿನವರಲ್ಲಿ, ಯಾವ ನೋವೂ ಇಲ್ಲದಿದ್ದರೂ, ನೂರಕ್ಕೆ 68 ಜನರ ಡಿಸ್ಕ್ ಸವೆದಿರುತ್ತದೆ, 50 ಜನರ ಡಿಸ್ಕ್ ಉಬ್ಬಿರುತ್ತದೆ. ಅಂದರೆ ನನ್ನ ವರದಿಯಲ್ಲಿದ್ದದ್ದು ನನ್ನ ವಯಸ್ಸಿನ ಅರ್ಧ ಜನರ ಬೆನ್ನಿನಲ್ಲಿ, ಅವರಿಗೆ ಗೊತ್ತೇ ಇಲ್ಲದಂತೆ, ಇರುವಂಥದ್ದು. ನನ್ನ ನೋವು ಸುಳ್ಳೆಂದು ಇದರ ಅರ್ಥವಲ್ಲ. ಫಿಲ್ಮಿನಲ್ಲಿ ಕಂಡದ್ದೇ ನೋವಿಗೆ ಕಾರಣವೆಂದು ಅಷ್ಟು ಖಚಿತವಾಗಿ ಯಾರೂ ಹೇಳುವಂತಿರಲಿಲ್ಲ, ಅಷ್ಟೇ.

ಒಂಬತ್ತನೆಯ ಸಿಟ್ಟಿಂಗಿನ ಹೊತ್ತಿಗೆ ನನ್ನನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಕಿರಿಯ ಫಿಸಿಯೋಥೆರಪಿಸ್ಟ್. ಓದು ಮುಗಿಸಿ ಎರಡು ವರ್ಷವಾಗಿತ್ತಂತೆ. ಅವರು ಯಂತ್ರದ ಪ್ಯಾಡುಗಳನ್ನು ತೆಗೆಯುತ್ತ, ಮೆಲ್ಲಗೆ, "ಮೇಡಂ, ನೋವು ಅರ್ಧಕ್ಕಿಂತ ಕಡಿಮೆಯಾಗಿದೆ ಅಂತೀರಿ. ಇನ್ನು ಮೆಷಿನ್ ಸಾಕು. ದಿನಾ ನಡೀರಿ, ಬಗ್ಗೋದನ್ನ ಸ್ವಲ್ಪಸ್ವಲ್ಪವಾಗಿ ಶುರು ಮಾಡೋಣ" ಎಂದರು. ಮಂಚದ ಮೇಲೆ ಮಲಗಿ ಮಂಡಿಗಳನ್ನು ಎದೆಗೆ ತಂದುಕೊಳ್ಳುವುದನ್ನೂ ಕುರ್ಚಿಯಿಂದ ಕೈಯೂರದೆ ಏಳುವುದನ್ನೂ ಮಾಡಿಸಿದರು. ಬೆನ್ನಿನಲ್ಲಿ ಏನೋ ಕಳಚಿಬಿಡುತ್ತದೆ ಎಂಬ ಭಯದಿಂದ ನಾನು ನಡುಗುತ್ತಲೇ ಮಾಡಿದೆ. ಏನೂ ಕಳಚಲಿಲ್ಲ. ಅವರು ನನ್ನ ಕೇಸ್ ಶೀಟಿನಲ್ಲಿ ಮೂರು ಸಾಲು ಬರೆದದ್ದನ್ನು ಕಣ್ಣಾರೆ ಕಂಡೆ.

ಮರುದಿನ ಪರದೆಯ ಆಚೆಯಿಂದ ಹಿರಿಯರ ಧ್ವನಿ ಕೇಳಿಸಿತು. "ಪೇಷಂಟ್ ಎದುರಿಗೆ ಇಂಥ ಮಾತು ಆಡಬಾರದು ಅಂತ ಎಷ್ಟು ಸಲ ಹೇಳಿದ್ದೀನಿ?" ಆ ಹುಡುಗಿ ಏನೋ ಉತ್ತರ ಕೊಟ್ಟರು, ಯಾವುದೋ ಮಾರ್ಗಸೂಚಿಯ ಹೆಸರು ಹೇಳಿದರು. "ಅದೆಲ್ಲ ಪುಸ್ತಕದಲ್ಲಿ. ಇಪ್ಪತ್ತೆರಡು ವರ್ಷದ ಅನುಭವ ನನ್ನದು" ಎಂಬಲ್ಲಿಗೆ ಮಾತು ಮುಗಿಯಿತು. ಹಿರಿಯರು ಒಳಗೆ ಬಂದು ನಗುತ್ತಲೇ, "ಇನ್ನೂ ಕಲೀತಾ ಇರೋ ಹುಡುಗಿ ಮೇಡಂ, ನೀವು ತಲೆ ಕೆಡಿಸ್ಕೋಬೇಡಿ" ಎಂದರು. ಅಂದಿನಿಂದ ಆಕೆಯನ್ನು ಪಾರ್ಶ್ವವಾಯು ರೋಗಿಗಳ ಕೋಣೆಗೆ ಕಳುಹಿಸಿದರು. ಎರಡು ದಿನಗಳ ಬಳಿಕ ಸಹಿಗೆಂದು ಕೇಸ್ ಶೀಟ್ ನನ್ನ ಕೈಗೆ ಬಂದಾಗ ಆ ಮೂರು ಸಾಲುಗಳ ಮೇಲೆ ವೈಟ್ನರ್ ಬಳಿದಿತ್ತು. ಅದರ ಮೇಲೆ ಬೇರೆ ಕೈಬರಹದಲ್ಲಿ, ಅದೇ ಚಿಕಿತ್ಸೆ ಮುಂದುವರಿಸಿ ಎಂದು ಬರೆದಿತ್ತು.

ನಾನು ಸಹಿ ಹಾಕಿದೆ. ಇದನ್ನು ಬರೆಯುವಾಗ ನನಗೆ ಈಗಲೂ ನೋವಾಗುತ್ತದೆ. ಮೂವತ್ತು ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಒಂದು ಅಂಕೆ ತಿದ್ದಿದ್ದರೂ ಕೇಳುವ ನಾನು, ನನ್ನದೇ ದೇಹದ ದಾಖಲೆಯಲ್ಲಿ ಮೂರು ಸಾಲು ಅಳಿಸಿ ಹೋದಾಗ ಏಕೆ ಎಂದು ಕೇಳಲಿಲ್ಲ. ಹಿರಿಯರ ವಯಸ್ಸು, ಗೋಡೆಯ ಮೇಲಿನ ಪ್ರಮಾಣಪತ್ರಗಳು, ಆಗಲೇ ಕಟ್ಟಿದ್ದ ಹಣ ಎಲ್ಲವೂ ಸೇರಿ ನನ್ನ ಬಾಯಿ ಕಟ್ಟಿದವು. ಸಹೋದ್ಯೋಗಿಗಳ ಮುಂದೆ, "ಈಗಿನ ಮಕ್ಕಳಿಗೆ ಗೂಗಲ್ ನೋಡಿ ದೊಡ್ಡವರಿಗೆ ಎದುರುತ್ತರ ಕೊಡುವ ಚಟ" ಎಂದು ಸಹ ಆಡಿಕೊಂಡೆ.

ಮೂವತ್ತು ಮುಗಿಯಿತು, ನೋವು ಪೂರ್ತಿ ಹೋಗಿರಲಿಲ್ಲ, ಇನ್ನೊಂದು ಪ್ಯಾಕೇಜ್ ಕಟ್ಟಿದೆ. ದೀಪಾವಳಿಗೆ ನೆಲ ಸಾರಿಸಲಿಲ್ಲ, ಮಣೆಯ ಮೇಲೆ ಕೂತು ಪೂಜೆ ಮಾಡಲಿಲ್ಲ, ಕಾಲುಂಗುರ ಸರಿಮಾಡಿಕೊಳ್ಳಲೂ ಮಗಳನ್ನು ಕರೆಯುತ್ತಿದ್ದೆ. ಡಿಸೆಂಬರ್ ವೇಳೆಗೆ ನೋವಿಗಿಂತ ಭಯವೇ ದೊಡ್ಡದಾಗಿತ್ತು. ಬೆಲ್ಟ್ ಇಲ್ಲದೆ ತರಗತಿಯಲ್ಲಿ ಅರ್ಧ ಗಂಟೆ ನಿಲ್ಲಲಾಗುತ್ತಿರಲಿಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ವಿಶೇಷ ತರಗತಿ ತೆಗೆದುಕೊಳ್ಳಬೇಕಾದ ಹೊತ್ತಿನಲ್ಲಿ ನಾನು ರಜೆಯ ಅರ್ಜಿ ಬರೆಯುತ್ತಿದ್ದೆ.

ಸಂಕ್ರಾಂತಿಗೆ ಬಂದ ನಾದಿನಿಯ ಒತ್ತಾಯಕ್ಕೆ ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋದೆ. ಅಲ್ಲಿನವರು ಫಿಲ್ಮನ್ನು ಬದಿಗಿಟ್ಟು, ಮೇಲೆ ಹೇಳಿದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಕೇಳಿದರು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಹಿಡಿತ ತಪ್ಪುವುದು, ಕೂರುವ ಜಾಗ ಮರಗಟ್ಟುವುದು, ಎರಡೂ ಕಾಲುಗಳು ಸೋಲುವುದು ಇವುಗಳಲ್ಲಿ ಯಾವುದೇ ಒಂದು ಕಂಡರೂ ಫಿಸಿಯೋಥೆರಪಿಗೆ ಕಾಯದೆ ಅದೇ ಗಳಿಗೆಯಲ್ಲಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕೆಂದು ಎರಡು ಸಲ ಹೇಳಿದರು. ಅನಂತರ, "ಈಗ ಮಾಡೋಕೆ ಆಗದೆ ಇರೋ ಯಾವ ಕೆಲಸ ನಿಮಗೆ ಮತ್ತೆ ಮಾಡಬೇಕು ಅನ್ನಿಸುತ್ತೆ, ಟೀಚರ್?" ಎಂದು ಕೇಳಿದರು. ನಾನು ಅತ್ತುಬಿಟ್ಟೆ.

ಅಲ್ಲಿ ಕಂಡ ಇನ್ನೊಂದು ಸಂಗತಿಗಾಗಿಯೇ ಮುಖ್ಯವಾಗಿ ಇದನ್ನು ಬರೆಯುತ್ತಿದ್ದೇನೆ. ಆ ವಿಭಾಗದಲ್ಲಿ ಇಬ್ಬರಿದ್ದರು, ಅವರಿಗೂ ನನ್ನ ವಿಷಯದಲ್ಲಿ ಒಮ್ಮತವಿರಲಿಲ್ಲ. ಒಬ್ಬರು ಮೊದಲ ಒಂದೆರಡು ವಾರ ಕೈಯಿಂದ ಬೆನ್ನಿನ ಕೀಲುಗಳನ್ನು ಸಡಿಲಿಸುವ ಚಿಕಿತ್ಸೆ ಕೊಡೋಣ ಎಂದರು. ಇನ್ನೊಬ್ಬರು, ಈಗಾಗಲೇ ನಾಲ್ಕು ತಿಂಗಳು ಬೇರೆಯವರ ಕೈಗೇ ಬೆನ್ನನ್ನು ಒಪ್ಪಿಸಿರುವ ಇವರಿಗೆ ನೇರವಾಗಿ ವ್ಯಾಯಾಮವೇ ಇರಲಿ ಎಂದರು. ಈ ಚರ್ಚೆ ನಡೆದದ್ದು ನನ್ನ ಎದುರಿಗೇ. ಇಬ್ಬರೂ ತಮ್ಮ ತಮ್ಮ ಕಾರಣ ಹೇಳಿ, ನನಗೇನು ಅನ್ನಿಸುತ್ತದೆ ಎಂದು ಕೇಳಿದರು. ನನ್ನ ವಿಶ್ವಾಸ ಒಂದಿಷ್ಟೂ ಕುಂದಲಿಲ್ಲ. ರೋಗಿಗೆ ಗೊಂದಲವಾಗುತ್ತದೆ, ಆದ್ದರಿಂದ ಭಿನ್ನಾಭಿಪ್ರಾಯ ತೋರಿಸಬಾರದು ಎಂಬ ಮಾತನ್ನು ನಾನು ಇನ್ನು ನಂಬಲಾರೆ.

ಆಮೇಲೆ ನಾನೇ ಓದಿ ತಿಳಿದುಕೊಂಡೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೊರತಂದ ಬೆನ್ನುನೋವಿನ ಮಾರ್ಗಸೂಚಿ ಅಲ್ಟ್ರಾಸೌಂಡ್, ಐಎಫ್‌ಟಿ, ಟ್ರ್ಯಾಕ್ಷನ್, ಬೆಲ್ಟ್ ಈ ನಾಲ್ಕನ್ನೂ ಕೊಡಬೇಡಿ ಎನ್ನುತ್ತದೆ. ನನಗೆ ಸಿಕ್ಕಿದ್ದು ಸರಿಯಾಗಿ ಆ ನಾಲ್ಕೇ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಬೆನ್ನುನೋವಿಗೆ ಕೊಟ್ಟ ಮಾರ್ಗಸೂಚಿಯೂ ಅಲ್ಟ್ರಾಸೌಂಡ್, ಟ್ರ್ಯಾಕ್ಷನ್, ಬೆಲ್ಟುಗಳನ್ನು ಬೇಡವೆಂದೇ ಹೇಳುತ್ತದೆ, ವ್ಯಾಯಾಮವನ್ನೂ ತಿಳಿವಳಿಕೆಯನ್ನೂ ಬೇಕೆನ್ನುತ್ತದೆ. ಅಮೆರಿಕದ ಫಿಸಿಯೋಥೆರಪಿಸ್ಟರ ಸಂಘ 2014ರಲ್ಲೇ, ರೋಗಿ ತಾನಾಗಿ ಮಾಡುವ ವ್ಯಾಯಾಮಕ್ಕೆ ನೆರವಾಗುವಷ್ಟು ಬಿಟ್ಟರೆ ಇಂಥ ಯಂತ್ರಗಳನ್ನು ಬಳಸಬೇಡಿ ಎಂದು ತನ್ನದೇ ಸದಸ್ಯರಿಗೆ ಹೇಳಿತ್ತು. ಆ ಕಿರಿಯ ಹುಡುಗಿ ಪರದೆಯ ಆಚೆ ಹೇಳಲು ಹೊರಟದ್ದು ಇಂಥದ್ದನ್ನೇ ಇರಬೇಕು.

ಎಲ್ಲ ವಿಷಯದಲ್ಲೂ ಹೀಗೆ ಒಂದೇ ಉತ್ತರವಿದೆ ಎಂದು ಯಾರೂ ತಿಳಿಯಬಾರದು. ಸೂಜಿ ಚಿಕಿತ್ಸೆಯನ್ನು, ಅಂದರೆ ಅಕ್ಯುಪಂಕ್ಚರನ್ನು, ನೈಸ್ ಬೇಡವೆನ್ನುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ಬೇಕಿದ್ದರೆ ಕೊಡಬಹುದೆನ್ನುತ್ತದೆ. ಕೈಯಿಂದ ಮಾಡುವ ಚಿಕಿತ್ಸೆಯನ್ನು ನೈಸ್ ವ್ಯಾಯಾಮದ ಜೊತೆಗೆ ಮಾತ್ರ ಒಪ್ಪುತ್ತದೆ. ಬಲ್ಲವರ ನಡುವೆಯೇ ಇಂಥ ವ್ಯತ್ಯಾಸ ಇರುವಾಗ ಒಂದು ಕ್ಲಿನಿಕ್ಕಿನೊಳಗೆ ಇಬ್ಬರು ಬೇರೆ ಬೇರೆ ಮಾತಾಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ಅನುಭವಸ್ಥರು ಕಿರಿಯರ ಮಾತನ್ನು ಕಾರಣ ಕೊಟ್ಟು ತಳ್ಳಿಹಾಕಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಕಾರಣದ ಜಾಗದಲ್ಲಿ ವೈಟ್ನರ್ ಬಂದದ್ದೇ ನನ್ನ ದೂರು.

ಫೆಬ್ರವರಿಯಲ್ಲಿ ಹಳೆಯ ಕ್ಲಿನಿಕ್ಕಿಗೆ ಹೋಗಿ ಉಳಿದ ಹನ್ನೆರಡು ಸಿಟ್ಟಿಂಗ್‌ಗಳ 5,400 ರೂಪಾಯಿಯನ್ನೂ ಕೇಸ್ ಶೀಟಿನ ಪ್ರತಿಯನ್ನೂ ಕೇಳಿದೆ. ಹಣ ವಾಪಸ್ ಇಲ್ಲವೆಂದು ರಸೀದಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದೆ ಎಂದು ತೋರಿಸಿದರು. ನಾನು ಅದನ್ನು ಓದಿರಲಿಲ್ಲ. ದಾಖಲೆ ಕೊಡುವ ಪದ್ಧತಿ ಇಲ್ಲ ಎಂದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ದಾಖಲೆ ಪಡೆಯುವ ಹಕ್ಕೂ ಎರಡನೆಯ ಅಭಿಪ್ರಾಯ ಪಡೆಯುವ ಹಕ್ಕೂ ಇವೆ ಎಂದು ಮುದ್ರಿಸಿಕೊಂಡು ಹೋಗಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟ ಮೇಲೆ ಜೆರಾಕ್ಸ್ ಮಾಡಿಕೊಟ್ಟರು. ಹಣ ಬರಲಿಲ್ಲ. ಜೆರಾಕ್ಸಿನಲ್ಲಿ ಆ ಜಾಗ ಬರೀ ಬಿಳಿ.

ಆದ್ದರಿಂದ ನೀವು ಹೋಗುವುದಾದರೆ, ಒಂದೊಂದೇ ಸಿಟ್ಟಿಂಗಿಗೆ ಹಣ ಕೊಡಿ. ದುಬಾರಿ ಎನಿಸಿದರೂ ಪರವಾಗಿಲ್ಲ, ಎದ್ದು ಬರುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲಿರುತ್ತದೆ. ಪ್ರತಿ ವಾರ ಕೇಸ್ ಶೀಟಿನ ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮನ್ನು ನೋಡುತ್ತಿರುವ ಕಿರಿಯರು ಏನಾದರೂ ಬೇರೆ ಮಾತು ಹೇಳಿದರೆ ಅದನ್ನು ಹಿರಿಯರ ಮುಂದೆ, ಕಿರಿಯರ ಹೆಸರನ್ನು ಎತ್ತದೆ, ನಿಮ್ಮದೇ ಪ್ರಶ್ನೆಯಾಗಿ ಕೇಳಿ: ಯಂತ್ರ ಯಾಕೆ, ಎಲ್ಲಿಯವರೆಗೆ, ವ್ಯಾಯಾಮ ಯಾವಾಗ. ಉತ್ತರದಲ್ಲಿ ಕಾರಣ ಇದೆಯೇ, ವರ್ಷಗಳ ಲೆಕ್ಕ ಮಾತ್ರ ಇದೆಯೇ ಎಂಬುದನ್ನು ಗಮನಿಸಿ. ಹೆಸರು ಎತ್ತಬೇಡಿ ಎನ್ನುವುದಕ್ಕೆ ಕಾರಣವಿದೆ. ಆ ಹುಡುಗಿ ನವೆಂಬರಿನಲ್ಲಿ ಕೆಲಸ ಬಿಟ್ಟರಂತೆ. ಅವರು ಹೇಳಿದ್ದನ್ನು ಮರುದಿನ ಬೆಳಿಗ್ಗೆ ಹಿರಿಯರಿಗೆ, ಅವರ ಹೆಸರು ಹಿಡಿದೇ, ಹೋಗಿ ಹೇಳಿದವಳು ನಾನು.

ಈಗ ಬೆಲ್ಟ್ ಅಟ್ಟದ ಮೇಲಿದೆ. ವಾರದಲ್ಲಿ ನಾಲ್ಕು ದಿನ ಬೆಳಗ್ಗೆ ನಡೆಯುತ್ತೇನೆ, ಮೂರು ದಿನ ಎರಡು ಕೊಡಗಳಲ್ಲಿ ಅಳತೆಯಷ್ಟು ನೀರು ತುಂಬಿ ಎತ್ತಿ ಇಳಿಸುತ್ತೇನೆ, ಸೊಂಟ ಆಗಾಗ ಬಿಗಿಯುತ್ತದೆ, ಸಡಿಲವಾಗುತ್ತದೆ. ಆ ಹುಡುಗಿ ಈಗ ಯಾವ ಊರಿನಲ್ಲಿದ್ದಾರೋ ತಿಳಿಯದು. ಇದು ಅವರ ಕಣ್ಣಿಗೆ ಬಿದ್ದರೆ, ನಿಮ್ಮ ಮೂರು ಸಾಲು ಸರಿಯಾಗಿತ್ತಮ್ಮ, ತಡವಾಗಿ ತಿಳಿಯಿತು, ಕ್ಷಮಿಸಿ.